ಗೊಂಬೆ ಮೆಟ್ಟಿಲ ಮೇಲೆ ಅಕ್ರಾ

ನಮ್ಮಕ್ಕನ ಮಗಳು ಇಂದುಮತಿ ಇದಾಳಲ್ಲ, ಅವಳ ಮಗ ಸಮರ್ಥ ಲಾಮಿಲೇ ಅನ್ನೋ ಹುಡುಗೀನ ಮದುವೆ ಆಗ್ತೀನಿ ಅಂದ. ಹುಡುಗಿ ಕಡೆಯೋರು ಅಕ್ರಾದವ್ರು. ಅಕ್ರಾ ಅಂದ್ರೆ ಘಾನಾ ದೇಶದ ರಾಜಧಾನಿ, ಸಮುದ್ರದ ದಂಡೇಲಿದೆ. ಇಲ್ಲಿ ಪರದೇಶದಲ್ಲಿರೋ ನಮ್ಮ ವುಡ್‌ರಿಡ್ಜ್ ಮನೆ ಮಹಡೀಲಿ ನಿಂತು ಕತ್ತು ಉದ್ದ ಮಾಡಿದ್ರೆ ನಂಗೆ ಕಾಣ್ಸುತ್ತೆ. ಬೇರೆಯವ್ರಿಗೆ ಮರ ಅಡ್ಡ.

ಹುಡುಗಿ ತಾಯಿ ಡೇಡಮ್ಮ ಇರೋದು ಆಬರ್ನ್ ಹಿಲ್ಸಲ್ಲಿ, ನಮ್ಮಿಂದ ಕಾರಲ್ಲಿ ಐದು ಗಂಟೆ ದಾರಿ. "ನಮ್ಮೂರು ಏನು ಅಂತ ಗೊತ್ತಿಲ್ದಿರೋ ಮನೆಗೆ ಹೆಣ್ಣು ಕೊಡಲ್ಲ, ದಸರಾಗೆ ಬಂದು ನೋಡ್ತೀನಿ" ಅಂದ್ರಂತೆ.

"ಚಿಕ್ಕಮ್ಮ, ಈ ಸಲ ಗೊಂಬೆ ಹಬ್ಬಕ್ಕೆ ಅಕ್ರಾ ಇತಿಹಾಸಾನೇ ಕೂರಿಸ್ಬಿಡೋಣ" ಅಂದ್ಲು ಇಂದುಮತಿ.

"ಗೊಂಬೆ ಎಲ್ಲ ಮೈಸೂರಿನವಲ್ವೇನೇ?"

"ಅಡ್ಜಸ್ಟ್ ಮಾಡ್ಕೋತವೆ."

ಪಟ್ಟದ ಗೊಂಬೆ ಅಕ್ರಾದ ರಾಜ-ರಾಣಿ ಆದ್ವು. ಡಚ್ಚರು, ಇಂಗ್ಲಿಷರು, ಡೇನರು ಅಂತ ಮೂರು ಥರದ ಬಿಳಿಯರು ಅಲ್ಲಿ ಒಂದೊಂದು ಕೋಟೆ ಕಟ್ಟಿದ್ರು ಅಂತ ಸಮರ್ಥ ಫೋನಲ್ಲಿ ನೋಡಿ ಹೇಳ್ದ. ಪಿಜ್ಜಾ ಡಬ್ಬದಲ್ಲಿ ಕಟ್ಟಿದ್ವಿ. ಡೇನರ ಸಾಹೇಬ್ರು ಸಿಗ್ಲಿಲ್ಲ, ಮದುವೆ ಸೆಟ್ಟಿನ ಪುರೋಹಿತರಿಗೆ ಟೋಪಿ ಹಾಕಿದ್ವಿ. ಜುಟ್ಟು ಸ್ವಲ್ಪ ಕಾಣ್ತಿತ್ತು.

ಡೇಡಮ್ಮ ಬಂದು ಕುರ್ಚಿ ತುಂಬ ಕೂತ್ರು. ಕತೆ ಹೇಳೋದು ನಾನು, ಇಂಗ್ಲಿಷ್ ಮಾಡೋದು ಸಮರ್ಥ.

"ಮೂರು ಕೋಟೇನೂ ಎಷ್ಟು ಹತ್ರ ಅಂದ್ರೆ, ಡಚ್ಚರು ಒಗ್ಗರಣೆ ಹಾಕಿದ್ರೆ ಡೇನರು ಸೀನೋರು. ಸೀನಿ ಸೀನಿ ಸಾಕಾಗಿ ಡೇನರು ಹೋದ್ರು. ಬೈಸ್ಕೊಂಡು ಬೈಸ್ಕೊಂಡು ಡಚ್ಚರೂ ಹೋದ್ರು. ಇಂಗ್ಲಿಷರಿಗೆ ಮೂಗೇ ಇರ್ಲಿಲ್ಲ, ಉಳ್ಕೊಂಡ್ರು."

ಡೇಡಮ್ಮ ನಗ್ಲಿಲ್ಲ. ಎದ್ದು ಬಂದು ಕೆಳಗಿನ ಮೆಟ್ಟಿಲ ಸಂತೆ ನೋಡಿದ್ರು. ಶೆಟ್ಟರ ಗೊಂಬೆ ಹೊಟ್ಟೆ ಬಿಟ್ಕೊಂಡು ಅಂಗಡೀಲಿ ಕೂತಿತ್ತು, ಶೆಟ್ಟಮ್ಮ ಹಿಂದೆ. ಡೇಡಮ್ಮ ಶೆಟ್ಟರನ್ನ ಎತ್ತಿ ಮಲಗ್ಸಿಬಿಟ್ರು.

ಇಂದುಮತಿ ಮುಖ ಸುಣ್ಣ ಆಯ್ತು. ಗೊಂಬೆ ಮಲಗ್ಸೋದು ಹಬ್ಬ ಮುಗಿಯೋ ದಿನ ತಾನೆ? ಅದಕ್ಕೆ ಮುಂಚೆ ಮುಟ್ಟೋ ಹಾಗೇ ಇಲ್ಲ. ಎಬ್ಬಿಸೋಕೆ ಹೋದ್ಲು, ನಾನು ಕೈ ಹಿಡ್ಕೊಂಡೆ.

"ಮಲಗ್ಲಿ ಬಿಡೇ. ಹುಟ್ಟಿದಾಗಿಂದ ಕೂತೇ ಇದಾರೆ, ಪಾಪ."

ಡೇಡಮ್ಮ ಶೆಟ್ಟಮ್ಮನ್ನ ಮುಂದೆ ತಂದು ಕೂರಿಸಿದ್ರು. "ಅಕ್ರಾದಲ್ಲಿ ಸಂತೆ ಹೆಂಗಸ್ರದ್ದು. ನಮ್ಮಮ್ಮ ಮೀನು ಮಾರಿ ನನ್ನ ಓದಿಸಿದ್ದು."

"ಮತ್ತೆ ಆ ಟೋಪಿಯವ್ರು?" ಇಂದುಮತಿ ಬಾಯಿ ಸುಮ್ನಿರಲ್ಲ.

"ಇರ್ಲಿ. ಡೇನರ ಹಾಗೇ ಇದಾರೆ."

ಡೇಡಮ್ಮ ಬ್ಯಾಗ್ ಹೆಗಲಿಗೆ ಹಾಕ್ಕೊಂಡ್ರು. "ನಮ್ಮಲ್ಲಿ ಗಂಡಿನ ಕಡೆಯೋರು ಬಂದು ಹೆಣ್ಣಿನ ಮನೆ ಬಾಗ್ಲು ತಟ್ಟಿ ಕೇಳ್ಬೇಕು. ಶನಿವಾರ ಬನ್ನಿ."

ಸಮರ್ಥ ಖುಷೀಲಿ ಅದನ್ನ ಕನ್ನಡ ಮಾಡೋದೇ ಮರ್ತ, ಇಂದುಮತೀನೇ ನಂಗೆ ಹೇಳಿದ್ಲು.

"ಎಷ್ಟು ಜೋರಾಗಿ ತಟ್ಬೇಕು?" ಅಂದ್ಲು ಇಂದುಮತಿ.

"ಅಡುಗೆಮನೇಲಿರ್ತೀನಿ. ಕೇಳಿಸ್ಬೇಕು."

ಶನಿವಾರ ಆಬರ್ನ್ ಹಿಲ್ಸಿಗೆ ಹೋಗಿ ನಾನೇ ತಟ್ದೆ. ಡೇಡಮ್ಮ ಬಾಗ್ಲು ತೆಗೆದು ತಬ್ಕೊಂಡ್ರು. ಇಲ್ಲಿ ನಮ್ಮ ವುಡ್‌ರಿಡ್ಜ್ ಪಕ್ಕದೂರು ವೆಸ್ಟ್‌ಮಂಟಲ್ಲೂ ಯಾರೋ ತಮ್ಮ ಬಾಗ್ಲೇ ಅಂದ್ಕೊಂಡು ತೆಗೆದು ನೋಡಿದ್ರಂತೆ.