ಸ್ಟಾರ್ಟ್ ಮಾಡಿ ಬಿಡಿ

ಬೆಳಗಿನ ಆರು ಗಂಟೆಗೆ ಕೀ ತಿರುಗಿಸಿದಾಗ ಕಾರು 'ಟಕ್' ಎಂದಿತು, ಅಷ್ಟೇ. ಇನ್ನೊಮ್ಮೆ ತಿರುಗಿಸಿದಳು. ಈ ಸಲ ಟಕ್ ಎನ್ನುವ ಸೌಜನ್ಯವೂ ಇರಲಿಲ್ಲ. ಸ್ಟೀರಿಂಗಿನ ಹಿಂದಿನ ಪುಟ್ಟ ದೀಪಗಳು ಒಮ್ಮೆ ಮಿಣುಕಿ ಮಂಕಾದವು.

ಹಿಂದಿನ ಸೀಟಿನಲ್ಲಿ ಕಂಬಳಿ ಹೊದ್ದು ಕೂತಿದ್ದ ಗಂಡ ಕೇಳಿದ, "ಹೋಯ್ತಾ?"

"ಹೋಯ್ತು."

"ನರಳದೇ ಹೋಯ್ತಲ್ಲ, ಪುಣ್ಯಾತ್ಮ."

ಅವಳಿಗೆ ನಗು ಬರಲಿಲ್ಲ. ಸ್ಟೀರಿಂಗಿನ ಮೇಲೆ ಹಣೆಯಿಟ್ಟು ಒಂದು ಗಳಿಗೆ ಹಾಗೇ ಕೂತಳು. ಮೂರು ವಾರದಲ್ಲಿ ಇದು ನಾಲ್ಕನೆಯ ಸಲ.

ಗಂಡನ ಎರಡೂ ಕಿಡ್ನಿಗಳು ಕೈಕೊಟ್ಟು ಒಂದೂವರೆ ವರ್ಷವಾಗಿತ್ತು. ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಆರೂವರೆಗೆ ಡಯಾಲಿಸಿಸ್ ವಾರ್ಡಿನಲ್ಲಿ ಅವನ ಪಾಳಿ. ಆಸ್ಪತ್ರೆಗೆ ಹತ್ತೇ ನಿಮಿಷದ ದಾರಿ. ಆದರೆ ಅಷ್ಟು ಹೊತ್ತಿಗೆ ಅವರ ಏರು ಬೀದಿಗೆ ಬಾಡಿಗೆಯ ಗಾಡಿಗಳು ಬರುತ್ತಿರಲಿಲ್ಲ. ಎರಡು ಸಲ ಕರೆಸಿ ನೋಡಿದ್ದಳು. ಒಬ್ಬ ಬರುತ್ತೇನೆಂದು ಬರಲಿಲ್ಲ. ಇನ್ನೊಬ್ಬ ಬರುವ ಹೊತ್ತಿಗೆ ಬೆಳಕು ಹರಿದು ಶಾಲೆಯ ಮಕ್ಕಳು ಓಡಾಡುತ್ತಿದ್ದರು.

ಎದುರುಮನೆಯ ನಿವೃತ್ತ ಪೋಸ್ಟ್‌ಮಾಸ್ಟರು ಕಿಟಕಿಯಿಂದಲೇ ನೋಡಿ, ಬನಿಯನ್ನಿನ ಮೇಲೆ ಸ್ವೆಟರ್ ಏರಿಸಿಕೊಂಡು ಹೊರಬಂದರು. ಕೈಯಲ್ಲಿ ಕೆಂಪು ಕಪ್ಪು ಕೇಬಲ್ಲು.

"ಏನಮ್ಮಾ, ಮತ್ತೆ ಮುಷ್ಕರಾನಾ?"

"ಕ್ಷಮಿಸಿ ಸಾರ್, ದಿನಾ ನಿಮ್ಮ ನಿದ್ದೆ ಕೆಡಿಸ್ತಿದೀನಿ."

"ನಲವತ್ತು ವರ್ಷ ಊರಿನೋರ ಕಾಗದ ಹೊತ್ತೆ. ಈಗ ಕರೆಂಟ್ ಹೊರ್ತಿದೀನಿ. ಬಾನೆಟ್ ಎತ್ತಿ."

ಅವರು ತಮ್ಮ ಕಾರನ್ನು ಮೂತಿಗೆ ಮೂತಿ ತಂದು ನಿಲ್ಲಿಸಿ, ಕೇಬಲ್ ಸಿಕ್ಕಿಸಿ, ಇವಳ ಕಾರಿಗೆ ಜೀವ ತರುವಾಗ ಆರೂವರೆ ದಾಟಿತ್ತು. ವಾರ್ಡು ತಲುಪಿದಾಗ ಆರು ಐವತ್ತು. ಅಲ್ಲಿನ ಸಿಸ್ಟರ್ ಗಡಿಯಾರ ನೋಡಲಿಲ್ಲ, ಇವಳ ಮುಖವನ್ನೇ ನೋಡಿದಳು. ಅದು ಇನ್ನೂ ಕಷ್ಟವಾಗಿತ್ತು.

"ಮೇಡಂ, ನಿಮ್ಮ ಕಷ್ಟ ನನಗೆ ಗೊತ್ತಾಗುತ್ತೆ. ಆದ್ರೆ ನೀವು ಲೇಟಾದ್ರೆ ನಿಮ್ಮ ಹಿಂದಿನೋರು, ಅವರ ಹಿಂದಿನೋರು, ಎಲ್ಲಾ ಲೇಟು. ನಿನ್ನೆ ಮೀಟಿಂಗಲ್ಲೇ ಹೇಳಿಬಿಟ್ರು. ಇನ್ನೊಂದೇ ಒಂದು ಸಲ ತಡ ಆದ್ರೆ ಈ ಪಾಳಿ ಬೇರೆಯವರಿಗೆ ಕೊಡ್ತಾರೆ. ನಿಮಗೆ ಸಂಜೆ ಆರರದ್ದು."

ಸಂಜೆ ಆರರದ್ದು ಎಂದರೆ ಏನೆಂದು ಅವಳಿಗೆ ಗೊತ್ತಿತ್ತು. ಮೊದಲ ತಿಂಗಳು ಅದೇ ಪಾಳಿಯಿತ್ತು. ರಕ್ತ ಶುದ್ಧವಾಗಿ ತಡರಾತ್ರಿ ಮನೆಗೆ ಬರುವಾಗ ಅವನ ಬಿಪಿ ಪಾತಾಳಕ್ಕಿಳಿದಿರುತ್ತಿತ್ತು. ಒಂದು ದಿನ ಮನೆಯ ಮೆಟ್ಟಿಲ ಮೇಲೇ ಕುಸಿದು ಬಿದ್ದಿದ್ದ. ಬೀದಿಯ ಬಾಗಿಲುಗಳೆಲ್ಲ ಮುಚ್ಚಿದ್ದವು, ಅವಳೊಬ್ಬಳೇ ಅವನ ಕಂಕುಳಿಗೆ ಕೈಕೊಟ್ಟು ಎಳೆದಿದ್ದಳು. ಆ ಭಾರ ಅವಳ ಭುಜಕ್ಕೆ ಇನ್ನೂ ನೆನಪಿತ್ತು.

"ಇನ್ನು ತಡ ಆಗಲ್ಲ ಸಿಸ್ಟರ್" ಎಂದಳು. ಹೇಳುವಾಗಲೇ, ಯಾವ ಧೈರ್ಯದ ಮೇಲೆ ಹೇಳುತ್ತಿದ್ದೇನೆ ಎನ್ನಿಸಿತು.

ನಾಲ್ಕು ಗಂಟೆ ಕಾಲ ಎಂದಿನಂತೆ ಅವನ ಪಕ್ಕದ ಸ್ಟೂಲಿನ ಮೇಲೆ ಕೂತಳು. ತೊಡೆಯ ಮೇಲೆ ಕರಡು ಪ್ರತಿಗಳು. ಪಠ್ಯಪುಸ್ತಕ ಅಚ್ಚುಹಾಕುವ ಪ್ರೆಸ್ಸಿನಲ್ಲಿ ಇಪ್ಪತ್ತೆರಡು ವರ್ಷದಿಂದ ಅವಳದ್ದು ಕರಡು ತಿದ್ದುವ ಕೆಲಸ. ಒಂದು ಸಾಲು ಓದುವುದು, ಯಂತ್ರದ ಅಂಕಿ ನೋಡುವುದು, ಇನ್ನೊಂದು ಸಾಲು ಓದುವುದು. ಗಂಡ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವನು, ಬಾಯಿಗೆ ಬಿಡುವಿಲ್ಲ. ಪಕ್ಕದ ಹಾಸಿಗೆಯವರ ಮೀಸೆ, ಛಾವಣಿಯ ಕಲೆಯಲ್ಲಿ ಕಾಣುವ ಒಂಟೆ, ತನ್ನ ಹಳೆಯ ಹೆಡ್‌ಮಾಸ್ಟರು, ಹೀಗೆ ಏನಾದರೊಂದು ಹೇಳುತ್ತಲೇ ಇದ್ದ.

ಅಂದು ಶುಕ್ರವಾರ. ಸಂಜೆ ಕರೆಂಟಣ್ಣ ಬಂದ. ಗಾಡಿಗಳ ವೈರಿಂಗ್ ಕೆಲಸದವನು. ಅವನ ನಿಜವಾದ ಹೆಸರು ಅವನ ಅಂಗಡಿಯ ಬೋರ್ಡಿನ ಮೇಲೂ ಇರಲಿಲ್ಲ. ಮೊದಲ ಸಲ ಕಾರು ನಿಂತಾಗ, ಬ್ಯಾಟರಿಗೆ ಐದು ವರ್ಷವಾಗಿದೆ ಎಂದು ಹೊಸದನ್ನು ಹಾಕಿಕೊಟ್ಟಿದ್ದ. ಎರಡನೆಯ ಸಲ ಬೇರೆ ಊರಲ್ಲಿದ್ದ, ಫೋನಿನಲ್ಲೇ ಮದ್ದು ಹೇಳಿದ್ದ. ಮೂರನೆಯ ಸಲ ಟರ್ಮಿನಲ್ಲುಗಳನ್ನು ಬಿಸಿನೀರಲ್ಲಿ ತೊಳೆದು, ಬಿಗಿದು ಹೋಗಿದ್ದ. ಈಗ ಬಂದವನು ನೇರ ಬಾನೆಟ್ ಎತ್ತಿದ.

ಅವಳು ಪಕ್ಕದಲ್ಲೇ ನಿಂತು ಅವನ ಕೈಗಳನ್ನೇ ನೋಡಿದಳು. ಅವನು ಬ್ಯಾಟರಿಯ ವೈರು ಬಿಚ್ಚಿ ನಡುವೆ ಮೀಟರ್ ಸಿಕ್ಕಿಸಿದ. ಗಾಡಿ ಮಲಗಿರುವಾಗ ಎಲ್ಲಿಯಾದರೂ ಕರೆಂಟು ಸೋರುತ್ತಿದ್ದರೆ ಅದು ತೋರಿಸುತ್ತದಂತೆ. ಒಂದೊಂದೇ ಫ್ಯೂಸ್ ಕಿತ್ತು, ಮೀಟರಿನ ಅಂಕಿ ನೋಡಿ, ಮತ್ತೆ ಒತ್ತಿದ. ರೇಡಿಯೊ. ಡಿಕ್ಕಿಯ ದೀಪ. ಹಾರನ್. ಅಂಕಿ ಎಳ್ಳಷ್ಟೂ ಅಲ್ಲಾಡಲಿಲ್ಲ. ಇಂಜಿನ್ ಓಡಿಸಿ, ಬ್ಯಾಟರಿ ತುಂಬಿಸುವ ಡೈನಮೋ ಪರೀಕ್ಷಿಸಿದ. ಅದೂ ಸರಿಯಿತ್ತು.

"ಅಕ್ಕ, ಇದರಲ್ಲಿ ಏನೂ ಇಲ್ಲ."

"ಏನೂ ಇಲ್ಲ ಅಂದ್ರೆ ಹೇಗಪ್ಪಾ? ಬೆಳಿಗ್ಗೆ ಸತ್ತು ಬಿದ್ದಿತ್ತು."

"ಅದೇ ನನಗೂ ತಲೆ ಕೆಟ್ಟಿರೋದು. ಸೋರ್ತಿಲ್ಲ, ಕಾಯಿಲೆ ಇಲ್ಲ, ಹೊಸ ಬ್ಯಾಟರಿ. ಆದ್ರೂ ಹೊಟ್ಟೆಗಿಲ್ಲದೋರ ಥರ ಇದೆ. ನಾನು ಫೋನಲ್ಲಿ ಹೇಳಿದ್ದು ಮಾಡ್ತಿದೀರಿ ತಾನೇ?"

"ಒಂದು ದಿನವೂ ತಪ್ಪಿಸಿಲ್ಲ" ಎಂದಳು ಅವಳು. "ನೀವು ದಿನಕ್ಕೆ ಒಂದ್ಸಲ ಅಂದ್ರಿ. ನಾನು ನಾಲ್ಕು ಸಲ ಮಾಡ್ತಿದೀನಿ. ಬೆಳಿಗ್ಗೆ ಎದ್ದ ತಕ್ಷಣ, ಕೆಲಸಕ್ಕೆ ನಡ್ಕೊಂಡು ಹೋಗೋ ಮುಂಚೆ, ಬಂದ ಮೇಲೆ, ಊಟ ಆದ ಮೇಲೆ."

ಕರೆಂಟಣ್ಣ ಬಾನೆಟ್ಟಿನಿಂದ ತಲೆ ಹೊರತೆಗೆದ.

"ನಾಲ್ಕು ಸಲ? ಒಂದೊಂದ್ಸಲಕ್ಕೆ ಎಷ್ಟು ಹೊತ್ತು?"

"ಹೊತ್ತೇನು ಬಂತು? ಹೆಡ್‌ಲೈಟ್ ಹಾಕಿ ಬೆಳಕು ಸರಿಯಾಗಿದ್ಯಾ ನೋಡ್ತೀನಿ. ಸ್ಟಾರ್ಟ್ ಮಾಡ್ತೀನಿ. ಆಗುತ್ತೆ. ಆಫ್ ಮಾಡ್ತೀನಿ."

ಅವನು ಕೈಯಲ್ಲಿದ್ದ ಸ್ಪಾನರನ್ನು ಮೆಲ್ಲಗೆ, ಮಲಗಿದ ಮಗುವಿನ ಪಕ್ಕ ಇಡುವಂತೆ ಇಟ್ಟ. "ಅಕ್ಕ, ಒಂದು ಲೋಟ ನೀರು ಕೊಡಿ" ಎಂದ.

ಅಡುಗೆಮನೆಯಲ್ಲಿ ನೀರು ಕುಡಿಯುತ್ತಾ ನಿಂತವನ ಕಣ್ಣಿಗೆ ಫ್ರಿಜ್ಜಿನ ಬಾಗಿಲ ಮೇಲೆ ಅಂಟಿಸಿದ್ದ ಚೀಟಿ ಬಿತ್ತು. ಔಷಧಿಗಳ ಪಟ್ಟಿಯ ಕೆಳಗೆ, ಅವಳ ದುಂಡು ಅಕ್ಷರದಲ್ಲಿ: 'ಕರೆಂಟಣ್ಣ ಹೇಳಿದ್ದು. ದಿನಕ್ಕೊಮ್ಮೆ ಸ್ಟಾರ್ಟ್ ಮಾಡಿಬಿಡಿ.'

ಅವನು ಅದನ್ನು ಬೆರಳಿಟ್ಟು ಓದಿದ. "ಅಕ್ಕ, ನಾನು ಹೀಗೆ ಹೇಳ್ಲಿಲ್ಲ."

"ಇದೇ ಮಾತು ಹೇಳಿದ್ರಿ. ಫೋನ್ ಇಡೋಕೆ ಮುಂಚೆಯೇ ಬರೆದುಕೊಂಡೆ."

"ಮಾತು ಅದೇ. ನಾನು ಹೇಳಿದ್ದು, ಸ್ಟಾರ್ಟ್ ಮಾಡಿ," ಎಂದು ಒಂದು ಉಸಿರು ನಿಲ್ಲಿಸಿ, "ಬಿಡಿ. ಅರ್ಧ ಗಂಟೆ ಹಾಗೇ ಓಡೋಕೆ ಬಿಡಿ ಅಂತ. ಒಂದ್ಸಲ ಸ್ಟಾರ್ಟ್ ಮಾಡೋಕೆ ಬ್ಯಾಟರಿ ಮೈಯೆಲ್ಲಾ ಶಕ್ತಿ ಹಾಕುತ್ತೆ. ಅದು ವಾಪಸ್ ತುಂಬ್ಕೋಬೇಕಾದ್ರೆ ಇಂಜಿನ್ ಓಡ್ತಾ ಇರ್ಬೇಕು. ನೀವು ದಿನಕ್ಕೆ ನಾಲ್ಕು ಸಲ ಎಬ್ಬಿಸಿ, ಏನೂ ತಿನ್ನೋಕೆ ಕೊಡದೆ ಮಲಗಿಸ್ತಿದೀರಿ. ಆಸ್ಪತ್ರೆಗಾದ್ರೂ ದೂರ ಹೋಗ್ತೀರಾ ಅಂದ್ರೆ ಹತ್ತೇ ನಿಮಿಷ. ಇನ್ನೇನಾಗುತ್ತೆ?"

ಅವಳು ಚೀಟಿಯನ್ನು ನೋಡಿದಳು. 'ಮಾಡಿ'ಗೂ 'ಬಿಡಿ'ಗೂ ನಡುವೆ ಒಂದು ಕೂದಲು ತೂರುವಷ್ಟೂ ಜಾಗವಿರಲಿಲ್ಲ. ತಾನೇ ಕೂಡಿಸಿದ್ದು. ದಿನಕ್ಕೆ ಎಷ್ಟು ಪುಟಗಳಲ್ಲಿ ಇಂಥದ್ದನ್ನು ಬಿಡಿಸಿ ಅಂಚಿನಲ್ಲಿ ಗೆರೆ ಎಳೆಯುತ್ತಾಳೋ.

ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ ಗಂಡ ನಗತೊಡಗಿದ. ನಗು ಕೆಮ್ಮಾಗಿ, ಕೆಮ್ಮು ಮತ್ತೆ ನಗುವಾಯಿತು. "ಊರಿನೋರ ತಪ್ಪೆಲ್ಲಾ ತಿದ್ದೋಳು! ಪ್ರೆಸ್ಸಿನಲ್ಲಿ ಗೊತ್ತಾದ್ರೆ ಮೆರವಣಿಗೆ ಮಾಡ್ತಾರೆ ನಿನ್ನನ್ನ."

"ನೀವು ಸುಮ್ನಿರ್ತೀರಾ?" ಎಂದಳು. ಕಣ್ಣಲ್ಲಿ ನೀರು ತುಂಬಿತು. ಮೂರು ವಾರದಿಂದ ಕಾರನ್ನು ಬೈದಿದ್ದಳು, ಬ್ಯಾಟರಿಯನ್ನು ಬೈದಿದ್ದಳು, ರಸ್ತೆಯ ಏರನ್ನು ಬೈದಿದ್ದಳು. ಕೊಂದವಳು ತಾನು. ಅದೂ ಕಾಳಜಿಯಿಂದ.

ಕರೆಂಟಣ್ಣ ಗಾಬರಿಯಾದ. "ಅಯ್ಯೋ, ಅಳೋದಕ್ಕೇನಿದೆ ಅಕ್ಕ? ಬ್ಯಾಟರಿ ಸತ್ತಿಲ್ಲ, ಸುಸ್ತಾಗಿದೆ ಅಷ್ಟೇ. ಇವತ್ತು ಅಂಗಡಿಗೆ ತಗೊಂಡ್ಹೋಗಿ ನಿಧಾನವಾಗಿ ಚಾರ್ಜಿಗಿಡ್ತೀನಿ. ನಾಳೆ ಸಂಜೆ ತಂದು ಕೂರಿಸ್ತೀನಿ. ಆಮೇಲೆ ಸೋಮವಾರ ಬೆಳಿಗ್ಗೆ ತನಕ ಯಾರೂ ಮುಟ್ಟಬಾರದು. ನೀವಂತೂ ಮುಟ್ಟಲೇಬಾರದು. ಸೋಮವಾರ ಮೇಷ್ಟ್ರನ್ನ ವಾರ್ಡಲ್ಲಿ ಮಲಗಿಸಿ, ಅರ್ಧ ಗಂಟೆ ಗಾಡಿ ಓಡಿಸ್ಕೊಂಡು ಬನ್ನಿ. ಪ್ರತಿ ಸಲವೂ ಹಾಗೇ ಮಾಡಿ."

"ಅವರನ್ನ ಒಬ್ಬರನ್ನೇ ಬಿಟ್ಟಾ?"

"ಒಬ್ಬರೇ ಎಲ್ಲಿ? ಸಿಸ್ಟರ್ ಇರ್ತಾರೆ, ಮೆಷಿನ್ ಇರುತ್ತೆ."

"ಸೂಜಿ ಹಾಕಿದ ಮೇಲಿನ ಮೊದಲ ಅರ್ಧ ಗಂಟೆಯೇ ಏನಾದ್ರೂ ಆಗೋದು."

ಗಂಡ ಏನೂ ತಮಾಷೆ ಮಾಡಲಿಲ್ಲ. "ಹೋಗಿ ಬರ್ತಾಳೆ ಬಿಡಪ್ಪಾ" ಎಂದು ಕರೆಂಟಣ್ಣನಿಗೆ ಹೇಳಿ ಕೋಣೆಗೆ ನಡೆದ.

ಶನಿವಾರ ಸಂಜೆ ಬ್ಯಾಟರಿ ಬಂದು ಕೂತಿತು. ಭಾನುವಾರ ಅವಳಿಗೆ ಕಾಲು ನಿಲ್ಲಲಿಲ್ಲ. ಎರಡು ಸಲ ಗೇಟಿನ ತನಕ ಹೋಗಿ, ಕಾರಿನ ಮುಖ ನೋಡಿ ವಾಪಸ್ ಬಂದಳು. ಅದು ಎಲ್ಲ ಕಾರುಗಳಂತೆಯೇ ಸುಮ್ಮನೆ ನಿಂತಿತ್ತು. ಒಮ್ಮೆ ಕೀ ಕೈಗೆ ಬಂದದ್ದು ಹೇಗೆಂದೇ ತಿಳಿಯಲಿಲ್ಲ, ಅಂಗೈ ಬೆವರಿ ಅದು ಬೆಚ್ಚಗಾಗಿತ್ತು. ಒಳಗೆ ಬಂದು ಗಂಡನ ಮುಂದೆ ಹಿಡಿದಳು.

"ಇದು ನಿಮ್ಮ ಹತ್ರ ಇರ್ಲಿ ರೀ."

ಅವನು ಕೀಯನ್ನು ಜೇಬಿಗೆ ಹಾಕಿಕೊಂಡ. ಅವಳು ಅಭ್ಯಾಸಬಲದಿಂದ ಅವನ ಎಡಗೈ ಹಿಡಿದು ಮಣಿಕಟ್ಟಿನ ಮೇಲೆ ಬೆರಳಿಟ್ಟಳು. ಡಯಾಲಿಸಿಸ್ಸಿಗೆಂದು ರಕ್ತನಾಳಗಳನ್ನು ಜೋಡಿಸಿ ಹೊಲಿದ ಜಾಗವದು, ಒಳಗೆ ಜೇನುಹುಳು ಕೂತಂತೆ ಸದಾ ಗುಂಯ್‌ಗುಡುತ್ತಿರಬೇಕು. ದಿನಕ್ಕೊಮ್ಮೆ ಮುಟ್ಟಿ ನೋಡಿ ಎಂದಿದ್ದರು ಡಾಕ್ಟರು.

"ಬೆಳಗಿಂದ ಇದು ಎಷ್ಟನೇದು?" ಎಂದ ಅವನು.

"ಲೆಕ್ಕ ಇಟ್ಟಿಲ್ಲ."

"ಏಳನೇದು. ನಿಂತ್ರೆ ನಾನೇ ಹೇಳ್ತೀನಿ ಕಣೇ. ಅರ್ಜಿ ಬರೆದು ಹೇಳ್ತೀನಿ. ತಪ್ಪಿದ್ರೆ ತಿದ್ದುವೆಯಂತೆ."

ಅವಳು ಕೈ ಬಿಟ್ಟಳು. ಬೆರಳ ತುದಿಯಲ್ಲಿ ಆ ಗುಂಯ್ ಇನ್ನಷ್ಟು ಹೊತ್ತು ಉಳಿದಿತ್ತು.

ಸೋಮವಾರ ಆರಕ್ಕೆ ಐದು ನಿಮಿಷವಿರುವಾಗ ಗಂಡ ಹಿಂದಿನ ಸೀಟಿನಿಂದ ಕೀ ಚಾಚಿದ. ಎದುರುಮನೆಯ ಕಿಟಕಿಯಲ್ಲಿ ಪೋಸ್ಟ್‌ಮಾಸ್ಟರು ಸ್ವೆಟರ್ ಹಾಕಿಕೊಂಡೇ ನಿಂತಿದ್ದರು. ಅವಳು ಕೀ ತಿರುಗಿಸಿದಳು. ಇಂಜಿನ್ ಒಂದೇ ಸಲಕ್ಕೆ, ಇಷ್ಟು ದಿನ ಏನೂ ಆಗೇ ಇಲ್ಲವೆಂಬಂತೆ ಎದ್ದಿತು. ಸಂತೋಷವಾಗಬೇಕಿತ್ತು. ಆದದ್ದು ಸುಸ್ತು, ದೂರದಿಂದ ಹೊತ್ತು ತಂದ ಮೂಟೆಯನ್ನು ಇಳಿಸಿದ ಮೇಲೆ ತೋಳುಗಳು ನಡುಗುತ್ತವಲ್ಲ, ಅಂಥದ್ದು. ಪೋಸ್ಟ್‌ಮಾಸ್ಟರು ಕಿಟಕಿಯಿಂದ ಕೈ ಬೀಸಿ ಪರದೆ ಎಳೆದರು.

ಆರು ಇಪ್ಪತ್ತಕ್ಕೆ ವಾರ್ಡಿನಲ್ಲಿದ್ದರು. ಸಿಸ್ಟರ್ ಹಾಸಿಗೆಯ ಚೀಟಿಯ ಮೇಲೆ ಗುರುತು ಹಾಕಿದಳು. ಪಾಳಿ ಉಳಿಯಿತು. ಸೂಜಿ ಏರಿತು, ಕೊಳವೆಯಲ್ಲಿ ಕೆಂಪು ಹರಿಯಿತು. ಅವಳು ಸ್ಟೂಲಿನ ಮೇಲೆ ಕೂರಲು ಹೋದಳು.

"ನಡಿ, ನಡಿ" ಎಂದ ಗಂಡ. "ಅದಕ್ಕೂ ತಿಂಡಿ ತಿನ್ನಿಸ್ಕೊಂಡು ಬಾ."

ಅವಳು ಹೊರಟಳು. ಬಾಗಿಲಲ್ಲಿ ತಿರುಗಿ ಯಂತ್ರದ ಅಂಕಿ ನೋಡಿದಳು. ಕಾರಿಡಾರಿನಲ್ಲಿ ನಿಂತು, ಹಿಂದೆ ಹೋಗಿ, ಗಾಜಿನಲ್ಲಿ ಇನ್ನೊಮ್ಮೆ ನೋಡಿದಳು. ಕೊನೆಗೆ ಕಾರಿನಲ್ಲಿ ಕೂತಳು.

ಎಲ್ಲಿಗೆ ಹೋಗುವುದೆಂದು ಗೊತ್ತಿರಲಿಲ್ಲ. ಹೋಗಲು ಎಲ್ಲಿಯೂ ಇಲ್ಲದೆ ಗಾಡಿ ಓಡಿಸಿ ವರ್ಷಗಳಾಗಿದ್ದವು. ದೊಡ್ಡ ರಸ್ತೆಗೆ ಬಂದು, ಎಡಕ್ಕೆ ತಿರುಗಿ, ಗೋದಾಮುಗಳ ಸಾಲು ದಾಟಿದಳು. ಒಬ್ಬಾಕೆ ಅಂಗಡಿಯ ಮುಂದೆ ನೀರು ಎರಚುತ್ತಿದ್ದಳು. ಮುಂದೆ ರೈಲ್ವೆ ಗೇಟು ಬಿದ್ದಿತ್ತು. ಲಾರಿಗಳ ಹಿಂದೆ ನಿಂತಳು. ಐದು ನಿಮಿಷವಾಯಿತು, ರೈಲು ಬರಲಿಲ್ಲ. ಫೋನ್ ತೆಗೆದಳು.

"ಕರೆಂಟಣ್ಣ, ಗಾಡಿ ನಿಂತಿದ್ರೆ ಲೆಕ್ಕಕ್ಕೆ ಬರುತ್ತಾ?"

"ಯಾರು, ಅಕ್ಕಾನಾ?" ಆಕಳಿಕೆಯ ದನಿ. "ಇಂಜಿನ್ ಓಡ್ತಿದ್ಯಾ?"

"ಓಡ್ತಿದೆ."

"ಹಾಗಾದ್ರೆ ಬರುತ್ತೆ. ಸ್ವಲ್ಪ ಕಮ್ಮಿ."

"ಎಷ್ಟು ಕಮ್ಮಿ?"

"ಅಕ್ಕ, ಫೋನಿಟ್ಟು ರಸ್ತೆ ನೋಡಿ."

ವಾಪಸ್ ಬಂದಾಗ ಮುಕ್ಕಾಲು ಗಂಟೆಯಾಗಿತ್ತು. ಮೆಟ್ಟಿಲುಗಳನ್ನು ಓಡುತ್ತಲೇ ಹತ್ತಿದಳು. ಸಿಸ್ಟರ್ ವಾರ್ಡಿನ ಬಾಗಿಲಲ್ಲೇ ತುಟಿಯ ಮೇಲೆ ಬೆರಳಿಟ್ಟು ತಡೆದಳು.

"ನಿದ್ದೆ ಹೋಗಿದಾರೆ. ನೀವು ಹೋದ ಐದೇ ನಿಮಿಷಕ್ಕೆ. ಬಿಪಿ ಎಲ್ಲಾ ಚೆನ್ನಾಗಿದೆ. ಇವರು ಇಲ್ಲಿ ನಿದ್ದೆ ಮಾಡಿದ್ದು ನಾನು ನೋಡೇ ಇರ್ಲಿಲ್ಲ ಮೇಡಂ. ಯಾವಾಗ್ಲೂ ನಿಮಗೆ ಕಥೆ ಹೇಳ್ತಾನೇ ಇರ್ತಾರಲ್ಲ."

ಗಾಜಿನಾಚೆ ಗಂಡನ ಬಾಯಿ ಅರ್ಧ ತೆರೆದಿತ್ತು. ಮುಖದಲ್ಲಿ ತಮಾಷೆಯ ಗೆರೆಗಳಿರಲಿಲ್ಲ. ಅವು ಇಲ್ಲದಾಗ ಎಷ್ಟು ಬಳಲಿದ ಮುಖ ಎಂದು ಅವಳು ಮೊದಲ ಸಲ ಕಂಡಳು. ಒಂದೂವರೆ ವರ್ಷ, ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ, ಸ್ಟೂಲಿನ ಮೇಲೆ ಗಾಬರಿಯಿಂದ ಕೂತವಳನ್ನು ನಗಿಸುವ ಕೆಲಸ.

"ಒಳಗೆ ಹೋಗ್ತೀರಾ?" ಎಂದಳು ಸಿಸ್ಟರ್.

"ಬೇಡ" ಎಂದಳು ಅವಳು. "ಎದ್ದ ಮೇಲೆ ಕರೀರಿ."

ಕಾರಿಡಾರಿನ ಕೊನೆಯಲ್ಲಿ, ವಾರ್ಡಿನ ಗಾಜು ಕಾಣದ ಕಡೆ ಒಂದು ಬೆಂಚಿತ್ತು. ಅಲ್ಲಿ ಹೋಗಿ ಕೂತು ಚೀಲದಿಂದ ಕರಡು ತೆಗೆದಳು. ಎರಡು ಸಾಲು ಓದಿದಳು. ಮೂರನೆಯ ಸಾಲಿನಲ್ಲಿ ಅಕ್ಷರಗಳು ಒಂದರ ಮೇಲೊಂದು ಹತ್ತತೊಡಗಿದವು. ಪೆನ್ನಿಗೆ ಮುಚ್ಚಳ ಹಾಕಿ, ಕಾಗದವನ್ನು ಎದೆಗವಚಿಕೊಂಡು, ಗೋಡೆಗೆ ತಲೆ ಆನಿಸಿದಳು.