ಪಾಷಾ ಸಾಹೇಬರು ಬಿಚ್ಚಿದ ದೋಣಿ ಮೋಟಾರು

ಸರ್ದಾರ್ ಪಾಷಾ ಸಾಹೇಬರು ಕೆಟ್ಟ ಯಂತ್ರದ ಮುಂದೆ ಬಂದು ನಿಂತಾಗ ಮೊದಲು ನೋಡುವುದು ಯಂತ್ರವನ್ನಲ್ಲ, ಅದರ ಒಡೆಯನನ್ನು. ಹುಬ್ಬು ಗಂಟಿಕ್ಕಿ, ಅವನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ಅಳೆದು, ಕೈಯಲ್ಲಿದ್ದ ಪೆಟ್ಟಿಗೆಯನ್ನು ದೊಪ್ಪನೆ ನೆಲಕ್ಕಿಟ್ಟು, "ಏನ್ ಮಾಡುದ್ರಿ ಇದುಕ್ಕೆ?" ಎಂದು ಗದರಿದ ಮೇಲೆಯೇ ಸ್ಪ್ಯಾನರು ಹೊರಬರುತ್ತದೆ. ಏನೂ ಮಾಡಿಲ್ಲ ಎಂದವನ ಗತಿ ಮುಗಿಯಿತು. ಕಬ್ಬಿಣಕ್ಕೆ ತಾನಾಗಿ ಕೆಡುವ ದುರ್ಬುದ್ಧಿ ಇಲ್ಲ, ಕೆಡಿಸುವವನು ಮನುಷ್ಯ, ಕೆಡಿಸಿ ಸುಳ್ಳು ಹೇಳುವವನೂ ಮನುಷ್ಯ ಎಂಬುದು ಅವರ ಸಿದ್ಧಾಂತ. ತುಮಕೂರಿನ ಉಪ್ಪಾರಹಳ್ಳಿಯಲ್ಲಿ ಅವರ ಶೆಡ್ಡಿನ ಮುಂದೆ ಹಾದುಹೋಗುವವರು, ಒಳಗಿನಿಂದ ಕೇಳಿಬರುವ ಬೈಗುಳದ ಏರಿಳಿತದ ಮೇಲೆಯೇ ಇವತ್ತು ಬಂದಿರುವುದು ಬೋರ್‌ವೆಲ್ ಮೋಟಾರೋ ಮಿಕ್ಸಿಯೋ ಎಂದು ಊಹಿಸಬಲ್ಲರು.

ನಮ್ಮ ಮನೆಯ ಸಂಪಿನ ಮೋಟಾರು ಸುಟ್ಟುಹೋದಾಗ ನಾನೂ ನನ್ನ ಹೆಂಡತಿ ಸ್ವರ್ಣಲತಾಳೂ ಅಪರಾಧಿಗಳಂತೆ ಪಕ್ಕಪಕ್ಕದಲ್ಲಿ ನಿಂತು ಬೈಸಿಕೊಂಡವರೇ. "ನೀರೈತಾ ಅಂತ ನೋಡ್ದೆ ಸ್ವಿಚ್ ಹಾಕ್ತೀರ, ಹಾಕ್ಬುಟ್ಟು ಟೀವಿ ಮುಂದೆ ಕೂತ್ಕೋತೀರ. ಹೌದೋ ಅಲ್ವೋ ಮೇಷ್ಟ್ರೇ?" ಈ ‘ಹೌದೋ ಅಲ್ವೋ’ ಅವರ ಮಾತಿನ ಮೊಳೆ, ಹೌದು ಎಂಬ ಶಬ್ದ ನಮ್ಮ ಬಾಯಿಂದಲೇ ಬರುವ ತನಕ ಬಿಡುವವರಲ್ಲ. ಜೀವಮಾನವೆಲ್ಲ ತರಗತಿಯಲ್ಲಿ ಮಕ್ಕಳನ್ನು ಗದರಿಸಿ ನಿವೃತ್ತನಾದ ನಾನು ತಲೆ ತಗ್ಗಿಸಿ ಹೌದೆಂದೆ. ಅವರು ಅತ್ತ ಹೋದದ್ದೇ ತಡ, ಸ್ವರ್ಣಲತಾ "ಇನ್ನೊಂದ್ ಸಲ ಆ ಮನುಷ್ಯನ್ನ ಮನೆಗೆ ಕರೀರಿ, ನೋಡ್ಕೋತೀನಿ" ಎಂದು ಸಿಡಿದಳು. ಮುಂದಿನ ಬೇಸಿಗೆಯಲ್ಲಿ ಮಿಕ್ಸಿ ನಿಂತಾಗ ಅದನ್ನು ಬ್ಯಾಗಿಗೆ ಹಾಕಿಕೊಂಡು ಅವರ ಶೆಡ್ಡಿಗೆ ಹೊರಟವಳೂ ಅವಳೇ.

ಬಿರುಬೇಸಿಗೆಯಲ್ಲೂ ಅವರ ಮೈಮೇಲೆ ಒಂದು ಖಾಕಿ ಕೋಟು ಇದ್ದೇ ಇರುತ್ತದೆ. ಅದರ ಜೇಬುಗಳಲ್ಲಿ ಫ್ಯೂಸು, ತಾಮ್ರದ ತಂತಿ, ಹಳೆಯ ಸೈಕಲ್ ಟ್ಯೂಬಿನ ಪಟ್ಟಿಗಳು, ಒಂದು ಪುಟ್ಟ ಬಲ್ಬಿಗೆ ಎರಡು ವೈರು ಬೆಸೆದ ಟೆಸ್ಟ್ ಲ್ಯಾಂಪು. ಪೆಟ್ಟಿಗೆಯನ್ನು ಸದಾ ಎಡಗೈಯಲ್ಲೇ ಹೊತ್ತು ಹೊತ್ತು ಬಲಕ್ಕೆ ವಾಲಿದ ನಡಿಗೆ. ಬರಿಗೈಯಲ್ಲಿ ಮಸೀದಿಗೆ ಹೋಗುವಾಗಲೂ ಆ ವಾಲು ನೆಟ್ಟಗಾಗುವುದಿಲ್ಲ.

ಸಮುದ್ರ ಎಲ್ಲಿ, ತುಮಕೂರು ಎಲ್ಲಿ! ಆದರೂ ಕೆರೆಗಳು ತುಂಬಿ, ಮೀನುಗಾರರ ಸಂಘಗಳು ಮೋಟಾರು ದೋಣಿ ಕೊಂಡ ಮೇಲೆ, ಅವು ಕೆಟ್ಟಾಗ ಹೊತ್ತೊಯ್ಯಲು ಈ ಸೀಮೆಯಲ್ಲಿ ಅವರ ಶೆಡ್ಡು ಬಿಟ್ಟರೆ ಬೇರೆ ಗತಿಯಿರಲಿಲ್ಲ. ಗುಬ್ಬಿ ಕಡೆಯ ಕೆರೆಯಿಂದ ಮೊದಲ ದೋಣಿ ಮೋಟಾರು ಬಂದ ದಿನ ಪಾಷಾ ಸಾಹೇಬರು ಅದನ್ನು ಶೆಡ್ಡಿನ ಮುಂದಿನ ಸಿಮೆಂಟ್ ತೊಟ್ಟಿಯಲ್ಲಿ ಮುಳುಗಿಸಿ ಚಾಲೂ ಮಾಡಿದರು. ತೊಟ್ಟಿಯ ನೀರೆಲ್ಲ ಎದ್ದು, ಎದುರುಮನೆಯ ಜಗುಲಿಯಲ್ಲಿ ಒಣಹಾಕಿದ್ದ ಹಪ್ಪಳದ ಮೇಲೆ ಸುರಿಯಿತು. ಹಪ್ಪಳದ ಒಡತಿಯನ್ನೂ ಅವರು ಬಿಡಲಿಲ್ಲ: "ಮೋಟ್ರು ಮುಂದೆ ಹಪ್ಳ ಒಣಗ್ಸೋದು ಯಾರ್ ತಪ್ಪಮ್ಮಾ? ಹೌದೋ ಅಲ್ವೋ?"

ಆ ಮೋಟಾರಿನ ಗುಟ್ಟನ್ನು ನನಗೆ ಹೇಳಿಕೊಟ್ಟವರೂ ಅವರೇ. ಮುಳುಗಿದ ತುದಿಯಲ್ಲಿ ರೆಕ್ಕೆಗಳಿರುವ ಒಂದು ರಬ್ಬರ್ ಚಕ್ರ. ಅದು ತಿರುಗಿ ಕೆರೆಯ ನೀರನ್ನೇ ಮೇಲಕ್ಕೆಳೆದು ಎಂಜಿನ್ನಿನ ಮೈಯೆಲ್ಲ ಸುತ್ತಿಸುತ್ತದೆ. ಆ ನೀರಿನ ಒಂದು ಸಣ್ಣ ಧಾರೆ ಹಿಂಬದಿಯ ತೂತಿನಿಂದ ಚಿಮ್ಮುತ್ತಿರಬೇಕು. ಧಾರೆ ಬಡವಾದರೆ ಎಂಜಿನ್ ಕಾಯುತ್ತಿದೆ ಎಂದರ್ಥ. ಅದು ಯಾರ ಕಣ್ಣಿಗೂ ಬೀಳದೆ ಹೋದರೆ, ಮಿತಿ ಮೀರಿ ಕಾದೊಡನೆ ಬಜರು ಕಿರುಚಿ ಎಚ್ಚರಿಸುತ್ತದೆ.

ಈ ವಿದ್ಯೆಯೆಲ್ಲ ನನ್ನ ಎದೆಯನ್ನೇ ನಡುಗಿಸಲು ಒದಗಿಬರುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಕಳೆದ ವರ್ಷ ಆಯುಧಪೂಜೆ ಕಳೆದ ಮರು ಭಾನುವಾರ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯ ತುಂಬಿ ತುಳುಕುತ್ತಿದ್ದಾಗ, ನಾನೂ ಸ್ವರ್ಣಲತಾಳೂ ಗುಬ್ಬಿಯಿಂದ ಬಂದ ನೆಂಟರೂ ಅಲ್ಲಿನ ಸಂಘದ ದೋಣಿ ಹತ್ತಿದೆವು. ನಡೆಸುತ್ತಿದ್ದವನು ಹೊನ್ನಯ್ಯ, ತೆಪ್ಪದಲ್ಲೇ ಹುಟ್ಟಿದವನೆಂದು ಊರವರು ಹೇಳುವ ಮಿತಭಾಷಿ. ನಡುನೀರಿಗೆ ಬಂದಿದ್ದೆವು. ಇದ್ದಕ್ಕಿದ್ದಂತೆ ರಬ್ಬರು ಸುಟ್ಟ ವಾಸನೆ, ಮೋಟಾರಿನ ಮುಚ್ಚಳದ ಸಂದಿಯಿಂದ ಬೂದುಹೊಗೆ, ಒಂದು ನರಳಾಟ. ಆಮೇಲೆ ಸದ್ದೇ ಇಲ್ಲ. ಆ ಮೌನದಲ್ಲಿ ಮೊದಲ ಬಾರಿಗೆ ನಮಗೆ ಕೇಳಿಸಿದ್ದು ಕಟ್ಟೆಯ ಕಡೆಯ ಭೋರ್ಗರೆತ. ಜಲಾಶಯ ತುಂಬಿದಾಗ ಹೆಚ್ಚಿನ ನೀರನ್ನು ತಾನಾಗಿ ಎಳೆದು ಆಚೆಗೆ ಸುರಿಯುವ ಸೈಫನ್ನುಗಳ ಸದ್ದು ಅದು. ಗಾಳಿ ನಮ್ಮನ್ನು ಅತ್ತಲೇ ದೂಡುತ್ತಿತ್ತು.

ಹೊನ್ನಯ್ಯ ಹಗ್ಗದ ತುದಿಯನ್ನು ಸೊಂಟಕ್ಕೆ ಬಿಗಿದು, "ಯಾರೂ ಎದ್ ನಿಲ್ಬ್ಯಾಡಿ" ಎಂದಷ್ಟೇ ಹೇಳಿ ನೀರಿಗೆ ಹಾರಿದ. ಅರ್ಧ ಮುಳುಗಿದ್ದ ಒಂದು ಜಾಲಿಮರದವರೆಗೆ ಈಜಿ, ಹಗ್ಗ ಸುತ್ತಿ, ತೆಪ್ಪಗಳು ಬರುವ ತನಕ ಮುಳ್ಳಿನ ನಡುವೆ ಮರವನ್ನು ತಬ್ಬಿಕೊಂಡೇ ಇದ್ದ. ದಡ ಸೇರಿದ ಮೇಲೆ ನೋಡಿದರೆ ಅವನ ಎದೆಯೆಲ್ಲ ಗೀರು, ರಕ್ತ. ಸ್ವರ್ಣಲತಾ ನನ್ನ ಕೈಯನ್ನು ಅದೆಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬಿಡಿಸಿಕೊಳ್ಳಲು ಅವಳಿಗೇ ಆಗಲಿಲ್ಲ.

ಇಂಥವನಿಗೆ ಸಂಘ ಮಾಲೆ ಹಾಕೀತು ಎಂದುಕೊಂಡಿದ್ದ ನನಗೆ ಬಂದ ಸುದ್ದಿ ಕೇಳಿ ದಂಗುಬಡಿಯಿತು. ಬಜರು ಯಾಕೆ ಕೂಗಲಿಲ್ಲ? ಕಿರಿಕಿರಿಯೆಂದು ಹೊನ್ನಯ್ಯನೇ ಅದರ ವೈರು ಕಿತ್ತಿದ್ದಾನೆ ಎಂದು ಅಧ್ಯಕ್ಷ ಬಸವಪ್ರಭು ಆರೋಪ ಹೊರಿಸಿದ್ದರು. ಅವನನ್ನು ದೋಣಿಯಿಂದ ಇಳಿಸುವುದು, ಜೀವಗಳಿಗೆ ಅಪಾಯ ತಂದನೆಂದು ಪೊಲೀಸರಿಗೆ ದೂರು ಕೊಡುವುದು ಎಂದಾಗಿತ್ತು. ಮೊದಲು ಪಾಷಾ ಸಾಹೇಬರು ಮೋಟಾರು ಬಿಚ್ಚಿ ನೋಡಿ ಹೇಳಲಿ, ಅವರ ಮಾತೇ ಕೊನೆ ಎಂದೂ ತೀರ್ಮಾನವಾಗಿತ್ತು. ದೋಣಿಯಲ್ಲಿದ್ದವನೆಂದು ನನ್ನನ್ನೂ ಕರೆದಿದ್ದರಿಂದ ಸಾಹೇಬರನ್ನು ನನ್ನ ಕಾರಿನಲ್ಲೇ ಕರೆದೊಯ್ದೆ. ದಾರಿಯುದ್ದಕ್ಕೂ ನನ್ನ ಕ್ಲಚ್ಚಿನ ಬಳಕೆಯ ಬಗ್ಗೆ ಬೈಸಿಕೊಂಡೆ.

ಸಂಘದ ಶೆಡ್ಡಿನಲ್ಲಿ ಊರೇ ನೆರೆದಿತ್ತು. ಹೊನ್ನಯ್ಯ ಕಂಬಕ್ಕೊರಗಿ ನಿಂತಿದ್ದ.

"ಏನ್ ಮಾಡ್ದೆಲಾ ಇದುಕ್ಕೆ? ಹಿಂದ್ಗಡೆ ನೀರು ಬರ್ತಿತ್ತಾ?"

"ಬರ್ತಿತ್ತು ಸಾಬ್ರೇ. ವಸಿ ಸಣ್ಗೆ."

"ಸಣ್ಗೆ ಬಂದ್ರೆ ತಿರುಗ್ಸಿ ದಡಕ್ಕೆ ತರ್ಬೇಕೋ ಬ್ಯಾಡ್ವೋ?"

ಹೊನ್ನಯ್ಯ ಹೌದೆಂದು ತಲೆಯಾಡಿಸಿದ. ಅವನ ಕಥೆ ಮುಗಿಯಿತೆಂದೇ ನಾನು ಭಾವಿಸಿದೆ.

ನೀರು ಹತ್ತುವುದು ಕೆಳಗಿನಿಂದ, ಆದ್ದರಿಂದ ತಾನೂ ಕೆಳಗಿನಿಂದಲೇ ಹತ್ತುವವನು ಎಂದು ಸಾಹೇಬರು ಮೋಟಾರಿನ ಬುಡ ಬಿಚ್ಚಿದರು. ರಬ್ಬರ್ ಚಕ್ರದ ರೆಕ್ಕೆಗಳಲ್ಲಿ ಅರ್ಧ ಉದುರಿ, ಉಳಿದವು ಸೀದ ಸಂಡಿಗೆಯಂತೆ ಕಪ್ಪಾಗಿದ್ದವು. ಸಾಹೇಬರ ಕಣ್ಣು ಕೆಂಪಾಯಿತು. "ಇದುನ್ನ ನೀರಿಲ್ದೆ ಓಡ್ಸಿದಾರೆ. ಯಾರು?"

ಜನರ ನಡುವಿನಿಂದ ಯಾವಳೋ ಹೆಣ್ಣುಮಗಳು, "ಪೂಜೆ ದಿನ ಅಧ್ಯಕ್ಸರೇ ಇಲ್ಲೇ ಸ್ಟಾರ್ಟ್ ಮಾಡಿದ್ರಲ್ಲ" ಎಂದು ಹೇಳಿಬಿಟ್ಟಳು. ನಿಜವೇ. ಆಯುಧಪೂಜೆಯಂದು ಗಾಡಿ, ಯಂತ್ರ ಏನಿದ್ದರೂ ಪೂಜೆ ಮಾಡಿ ಒಮ್ಮೆ ಚಾಲೂ ಮಾಡದೆ ಬಿಡುವವರು ನಮ್ಮಲ್ಲಿ ಯಾರು? ಮೋಟಾರನ್ನು ಶೆಡ್ಡಿನ ಮರದ ಸ್ಟ್ಯಾಂಡಿಗೆ ಕಟ್ಟಿ, ಕುಂಕುಮವಿಟ್ಟು, ಚೆಂಡುಹೂವಿನ ಹಾರ ಹಾಕಿ, ಮಂಗಳಾರತಿ ಮುಗಿದು ಫೋಟೋ ತೆಗೆಯುವ ತನಕ ಬಸವಪ್ರಭು ಅದನ್ನು ಒಣಗಂಟಲಿನಲ್ಲೇ ಓಡಿಸಿದ್ದರು.

"ಪೂಜೆ ಮಾಡಿದ್ದೂ ತಪ್ಪಾ ಸಾಬ್ರೇ?" ಅಧ್ಯಕ್ಷರ ದನಿ ಏರಿತು.

"ಪೂಜೆ ಯಾರ್ ಬ್ಯಾಡ ಅಂದ್ರು? ನನ್ ಶೆಡ್ಡಲ್ಲೂ ವರ್ಷಾ ವರ್ಷಾ ಮಾಡ್ತಾರೆ. ಒಂದ್ ಡ್ರಮ್ ನೀರಲ್ಲಿ ಇಳಿಬಿಟ್ಟು ಮಾಡಿ! ಬಾಯಾರ್ದೋನ್ಗೆ ನೀರ್ ಕೊಡ್ದೆ ಆರತಿ ಎತ್ತುದ್ರಾ? ಹೌದೋ ಅಲ್ವೋ?"

ಬಸವಪ್ರಭು ಹೌದೆನ್ನಲಿಲ್ಲ. ಬೇರೆ ಹಿಡಿತ ಹುಡುಕಿದರು. "ಆಯ್ತು, ಚಕ್ರ ಸುಟ್ಟೋಗಿತ್ತು ಅನ್ನಿ. ಬಜರು ಕೂಗಿದ್ರೆ ದಡಕ್ಕೆ ತರ್ತಿದ್ದ ತಾನೆ? ಅದುನ್ನ ಕಿತ್ತೋನು ಯಾರು, ಅದುನ್ನ ಹೇಳಿ."

ಸಾಹೇಬರು ಬ್ಯಾಟರಿಗೆ ಟೆಸ್ಟ್ ಲ್ಯಾಂಪು ಹಿಡಿದರು, ಬಲ್ಬು ಹತ್ತಿತು. ಬಜರಿನ ಬಳಿ ಹಿಡಿದರು, ಅಲ್ಲೂ ಹತ್ತಿತು. ಕರೆಂಟು ಬರುತ್ತಿತ್ತು, ಎಂಜಿನ್ನು ಕಾದ ಸುದ್ದಿ ಮಾತ್ರ ಬಜರಿಗೆ ಮುಟ್ಟಿರಲಿಲ್ಲ. ಮೇಲಿನ ಮುಚ್ಚಳ ತೆಗೆದು, ಎಂಜಿನ್ನಿನ ತಲೆಯಿಂದ ಹೊರಡುವ ವೈರನ್ನು ಬೆರಳಿನಿಂದ ಹಿಂಬಾಲಿಸಿದರು. ಬೆರಳು ಒಂದು ಕಡೆ ನಿಂತುಬಿಟ್ಟಿತು. ವೈರನ್ನು ಯಾರೋ ಕತ್ತರಿಸಿದ್ದರು. ತುದಿಗೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ದಾರ ಬಿಗಿದಿದ್ದರು. ಅದನ್ನು ನೋಡುತ್ತ ಅವರು ನಿಂತೇ ಇದ್ದರು. ಬೈಗುಳ ಸಿಡಿಯಬೇಕಾದ ಜಾಗದಲ್ಲಿ ಮೌನ ಬಂದದ್ದನ್ನು ಕಂಡು ನನಗೆ ಗಾಬರಿಯಾಯಿತು.

"ಹೊನ್ನಯ್ಯ ಕಿತ್ತಿಲ್ಲ ಇದುನ್ನ," ಎಂದರು. "ನಾನ್ ಕಿತ್ತಿರೋದು."

ಅಧ್ಯಕ್ಷರು ನಕ್ಕರು. "ಪಾಪ ಅಂತ ಅವನ್ನ ಉಳ್ಸಕ್ ನೋಡ್ತೀರೇನ್ರೀ?"

"ಯಾರ್ ಪಾಪಾನೂ ಅಲ್ಲ. ಬ್ಯಾಸ್ಗೇಲಿ ಸ್ಟಾರ್ಟ್ ಆಗಲ್ಲ ಅಂತ ಕರೆಸಿದ್ರಲ್ಲ, ಬ್ಯಾಟ್ರಿ ಟರ್ಮಿನಲ್ಲು ಹಸಿರು ಕಟ್ಟಿತ್ತು, ಉಜ್ಜಿ ಸರಿ ಮಾಡ್ದೆ. ಈ ವೈರು ಸಿಪ್ಪೆ ಸುಲ್ದು ಕಬ್ಣಕ್ಕೆ ತಾಗಿ ಬಜರು ಸುಮ್ ಸುಮ್ನೆ ಕಿರುಚ್ತಿತ್ತು. ಹೊಸ ವೈರ್ ತರೋಗಂಟ ಅಂತ ಕಟ್ ಮಾಡಿ ಟ್ಯೂಬ್ ಸುತ್ದೆ. ತರ್ಲಿಲ್ಲ. ಮರ್ತೋದೆ."

ಆಮೇಲೆ ಆ ಮನುಷ್ಯ, ಊರವರ ಎದುರಿನಲ್ಲಿ, ಯಾವ ಒಡೆಯನನ್ನು ಬೈದರೂ ಇರುತ್ತಿದ್ದ ಅದೇ ದನಿಯಲ್ಲಿ ತಮ್ಮನ್ನೇ ಬೈಯತೊಡಗಿದರು. "ಕೀಳಕ್ಕೆ ತಲೆ ಇತ್ತು, ತಿರ್ಗಿ ಹಾಕಕ್ಕೆ ತಲೆ ಇರ್ಲಿಲ್ವೇನೋ ಪಾಷಾ, ಬೇವಕೂಫ್? ದೋಣಿ ತುಂಬ ಜನ ಕಣೋ! ಅವ್ರನ್ನ ನೀರ್‌ಪಾಲು ಮಾಡಕ್ಕೆ ಹೊರಟಿದ್ಯಲ್ಲೋ!" ಒಂದು ಮಾತನ್ನೂ ಮೆತ್ತಗೆ ಮಾಡಲಿಲ್ಲ. ತಡೆಯಲು ಮುಂದೆ ಬಂದವನು ಹೊನ್ನಯ್ಯ ಒಬ್ಬನೇ. "ಬುಡಿ ಸಾಬ್ರೇ, ಸಾಕು" ಎಂದು ಅವರ ಕೋಟಿನ ತೋಳು ಹಿಡಿದ. ಸಾಹೇಬರು ತೋಳು ಕೊಡವಿಕೊಂಡರು.

ವೈರು ಕಿತ್ತ ಆ ಬೇಸಿಗೆಯಲ್ಲೇ ಅವರ ಪತ್ನಿ ಮೆಹರ್ ಬಾನು ಅವರ ಕಣ್ಣಿನ ಆಪರೇಷನ್ ಕೆಟ್ಟು, ಒಂದು ಕಣ್ಣು ಹೋಗಿಯೇಬಿಟ್ಟಿತ್ತೆಂದು ನನಗೆ ತಿಳಿದದ್ದು ಬಹಳ ತಡವಾಗಿ, ಅದೂ ಆಕೆಯ ಬಾಯಿಂದ. ಶೆಡ್ಡಿನಲ್ಲಿ ಅದನ್ನು ಅವರು ಹೇಳಬಹುದಿತ್ತು. ಯಾರ ನೆಪವನ್ನೂ ಕೇಳದವರು ತಮ್ಮದನ್ನೂ ಕೇಳಿಸಿಕೊಳ್ಳಲಿಲ್ಲ.

ಹೊನ್ನಯ್ಯ ದೋಣಿಯಲ್ಲಿ ಉಳಿದ. ಸಂಘ ಪಾಷಾ ಸಾಹೇಬರನ್ನು ಮತ್ತೆ ಕರೆಯಲಿಲ್ಲ. ಸುದ್ದಿ ಹಬ್ಬಿ ಗುಬ್ಬಿ ಕಡೆಯವರೂ ಕರೆಯಲಿಲ್ಲ. ಹಾಗಾಗುವುದೆಂದು ಅವರಿಗೆ ಅಂದೇ ಗೊತ್ತಿತ್ತು. ಹಿಂದಿರುಗುವಾಗ ಕುಣಿಗಲ್ ದಾಟಿದ ಮೇಲೆ ನಾನು ತಡೆಯಲಾರದೆ, "ನೀವು ಹೇಳ್ದೆ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ" ಎಂದೆ.

ಅವರು ನನ್ನನ್ನು ಎಂಥ ತಿರಸ್ಕಾರದಿಂದ ನೋಡಿದರೆಂದರೆ ಕಾರಿನ ವೇಗ ತಾನಾಗಿ ತಗ್ಗಿತು. "ಊರೋರ್ನೆಲ್ಲ ಬೈಕೊಂಡ್ ಬಂದಿದೀನಿ ಮೇಷ್ಟ್ರೇ. ಇವತ್ತು ಬಾಯ್ ಮುಚ್ಕಂಡ್ ಬಂದಿದ್ರೆ, ನಾಳೆ ಯಾವ್ ಬಾಯಲ್ಲಿ ಯಾರ್ನ ಬಯ್ಯಲಿ?"

ಇದಾದ ಮೇಲೆ ಅವರು ಮೆತ್ತಗಾಗಿರಬಹುದೆಂದು ನಾನು ನಿರೀಕ್ಷಿಸಿದ್ದು ನನ್ನ ಮೂರ್ಖತನ. ಶೆಡ್ಡಿನಿಂದ ಬೈಗುಳ ಇಂದಿಗೂ ರಸ್ತೆಯ ತನಕ ಕೇಳುತ್ತದೆ. ಇಂಥವರನ್ನು ನಾವು ಒರಟರೆಂದು ಕರೆದು, ಯಾರ ಮನಸ್ಸನ್ನೂ ನೋಯಿಸದ ನಮ್ಮನ್ನು ಸಜ್ಜನರ ಸಾಲಿಗೆ ಸೇರಿಸಿಕೊಳ್ಳುತ್ತೇವೆ. ಆದರೆ ನಮ್ಮ ಸೌಜನ್ಯದ ಬುಡ ಬಿಚ್ಚಿ ನೋಡಿದರೆ ಅಲ್ಲಿರುವುದು ಬಹುಮಟ್ಟಿಗೆ ಒಂದು ಒಪ್ಪಂದ: ನಿನ್ನ ತಪ್ಪನ್ನು ನಾನು ಎತ್ತುವುದಿಲ್ಲ, ನನ್ನದನ್ನು ನೀನು ಎತ್ತಬೇಡ. ಆ ಒಪ್ಪಂದಕ್ಕೆ ರುಜು ಹಾಕದ ಒರಟರು ಊರಿಗೊಬ್ಬರೋ ಇಬ್ಬರೋ ಇರುತ್ತಾರೆ. ಅವರ ಬಾಯಿಗೆ ಹೆದರಿ ನಾವು ದೂರ ಸರಿಯುತ್ತೇವೆ, ನಡುನೀರಿನಲ್ಲಿ ನಮ್ಮ ಜೀವ ಅವರ ಕೈಯಲ್ಲಿರುವಾಗಲೂ.