‘ಹೋ’ ಅಂದರೂ ನಿಲ್ಲದ ಟ್ರ್ಯಾಕ್ಟರು

ನಾನು ಒಂದು ಸಣ್ಣ ಟ್ರ್ಯಾಕ್ಟರು. ದೊಡ್ಡ ಟ್ರ್ಯಾಕ್ಟರಿನ ಪಕ್ಕದಲ್ಲಿ ನಿಂತರೆ ಅದರ ಹಿಂದಿನ ಗಾಲಿಯ ಎತ್ತರಕ್ಕೂ ಬರುವುದಿಲ್ಲ. ಕಾರ್ಖಾನೆಯಲ್ಲಿ ಕೆಂಪು ಬಣ್ಣ ಬಳಿದು ಹೊರಗೆ ತಳ್ಳಿದ ದಿನದಿಂದಲೂ ನನಗೊಂದು ಚಾಳಿ, ಸುಮ್ಮನೆ ನಿಲ್ಲಲು ಆಗುವುದಿಲ್ಲ. ಎಂಜಿನ್ ಆರಿಸಿದ ಮೇಲೂ ಸ್ವಲ್ಪ ಹೊತ್ತು ನನ್ನ ಮೈ ಟಕ್ ಟಕ್ ಎನ್ನುತ್ತಿರುತ್ತದೆ. ಕಾದ ಕಬ್ಬಿಣ ತಣ್ಣಗಾಗುವ ಸದ್ದು ಎನ್ನುತ್ತಾರೆ ತಿಳಿದವರು. ಅವರಿಗೇನು ಗೊತ್ತು? ಅದು ನನ್ನ ಚಡಪಡಿಕೆ.

ಮೊದಲ ಐದು ವರ್ಷ ಬೆಳಗಾವಿಯ ಒಂದು ಕ್ಲಬ್ಬಿನಲ್ಲಿ ಹುಲ್ಲು ಕತ್ತರಿಸಿದೆ. ನನ್ನ ಹೊಟ್ಟೆಯ ಕೆಳಗೆ ತಿರುಗುವ ಅಲಗು ಕಟ್ಟಿದ್ದರು. ಅದೇ ಹುಲ್ಲು, ಅದೇ ಸುತ್ತು. ಕತ್ತರಿಸಿದ್ದು ವಾರದೊಳಗೆ ಮತ್ತೆ ಚಿಗುರುತ್ತಿತ್ತು, ಮತ್ತೆ ಕತ್ತರಿಸಬೇಕು. ಟ್ರ್ಯಾಕ್ಟರು ಎಂದು ಹೆಸರಿಟ್ಟುಕೊಂಡು ಏನನ್ನೂ ಬೆಳೆಯಗೊಡದೆ ಇರುವುದೇ ನನ್ನ ಉದ್ಯೋಗವಾಯಿತು. ನನಗೆ ನಾಚಿಕೆಯಾಗುತ್ತಿತ್ತು. ಕ್ಲಬ್ಬಿನವರು ಹೊಸ ಯಂತ್ರ ತಂದು ನನ್ನನ್ನು ಹರಾಜಿಗೆ ಹಾಕಿದಾಗ ನಾನೇನೂ ಅಳಲಿಲ್ಲ.

ಕೊಂಡವನು ಗದಗಿನ ವೆಲ್ಡಿಂಗ್ ಅಂಗಡಿಯ ಹಜರೇಸಾಬ. ಹಳೆಯ ಕಬ್ಬಿಣ ಕಂಡರೆ ಅವನ ಕೈ ಸುಮ್ಮನಿರುತ್ತಿರಲಿಲ್ಲ. ಈ ವಿಷಯದಲ್ಲಿ ನಾವಿಬ್ಬರೂ ಒಂದೇ ಜಾತಿ. ಹೊಟ್ಟೆಯ ಅಲಗು ಬಿಚ್ಚಿ ಎಸೆದ. ದಪ್ಪ ಗಾಲಿ ತೆಗೆದು ಎತ್ತರದ ತೆಳು ಗಾಲಿ ಹಾಕಿದ. ಆಮೇಲೆ ಸಿಕ್ಕಿದ್ದನ್ನೆಲ್ಲ ನನ್ನ ಬೆನ್ನಿಗೆ ಕಟ್ಟಿ ನೋಡಿದ. ನೀರಿನ ಟ್ಯಾಂಕು ಕಟ್ಟಿದಾಗ ನನ್ನ ಮುಂದಿನ ಗಾಲಿಗಳು ಗಾಳಿಗೆ ಎದ್ದವು. ಮಣ್ಣು ತಳ್ಳುವ ಹಲಗೆ ಕಟ್ಟಿದಾಗ ಮಣ್ಣು ಅಲ್ಲೇ ಉಳಿದು ನಾನೇ ಹಿಂದೆ ಸರಿದೆ. ಯಾವುದೂ ನನ್ನದು ಅನ್ನಿಸಲಿಲ್ಲ.

ಒಂದು ದಿನ ಕುಂದಗೋಳದ ಕಡೆಯಿಂದ ಅಡಿವೆಪ್ಪ ಬಂದ. ಎರಡೆಕರೆ ಮೆಣಸಿನಕಾಯಿ ಹೊಲದವನು. ಅವನ ಜೋಡೆತ್ತಿನಲ್ಲಿ ಒಂದೆತ್ತು ಹಾವು ಕಚ್ಚಿ ಸತ್ತಿತ್ತು. ಒಂಟಿ ಉಳಿದದ್ದನ್ನು ನೋಡಲಾಗದೆ ತಂಗಿಯ ಮನೆಗೆ ಕೊಟ್ಟಿದ್ದ. ಅಡಿವೆಪ್ಪ ಊರಿಗೆಲ್ಲ ಗೊತ್ತಿದ್ದದ್ದು ಎಡೆಕುಂಟೆಯಿಂದ. ಸಾಲುಗಳ ನಡುವೆ ಕುಂಟೆ ಹೊಡೆದು ಕಳೆ ತೆಗೆಯುವಾಗ ಅವನ ಕೈಯಲ್ಲಿ ಒಂದು ಸಸಿಯೂ ಅಲುಗುತ್ತಿರಲಿಲ್ಲವಂತೆ. ಎತ್ತು ಹೋದ ಮೇಲೆ ಆ ಕೈಗೆ ಕೆಲಸವಿರಲಿಲ್ಲ. ಹಜರೇಸಾಬ ಮಾತಾಡುತ್ತಿರುವಾಗ ಆ ಕೈ ತನ್ನಷ್ಟಕ್ಕೇ ಗಾಳಿಯಲ್ಲಿ ಏನನ್ನೋ ಹಿಡಿದು ಬಿಡುತ್ತಿತ್ತು. ಅದನ್ನು ಕಂಡೇ ನನಗೆ ಅವನು ಹಿಡಿಸಿದ.

ಅವನು ನನ್ನನ್ನು ಕೊಂಡ, ಅವನ ಹೊಲಕ್ಕೆ ಹೋದೆ. ಮಳೆ ಬಿಡುವು ಕೊಟ್ಟಿತ್ತು. ಕಳೆ ಸಸಿಗಿಂತ ಎತ್ತರ ಬೆಳೆದಿತ್ತು. ಮತ್ತೆ ಮಳೆ ಹಿಡಿದರೆ ಎರೆಮಣ್ಣಿನಲ್ಲಿ ಯಾರೂ ಕಾಲಿಡುವ ಹಾಗಿಲ್ಲ, ಆ ವರ್ಷದ ಬೆಳೆ ಕಳೆಯ ಪಾಲು. ಹಜರೇಸಾಬ ನನ್ನ ಹಿಂದೆ ಕಬ್ಬಿಣದ ಎರಡು ಕುಂಟೆ ಬಿಗಿದಿದ್ದ. ಒಂದು ಸಾಲು ನನ್ನ ಹೊಟ್ಟೆಯ ಕೆಳಗೆ, ಗಾಲಿ ಮತ್ತು ಕುಂಟೆ ಎರಡು ಪಕ್ಕಕ್ಕೆ. ಅಡಿವೆಪ್ಪ ಸೀಟಿನಲ್ಲಿ ಕುಳಿತು ಒಂದು ಸಾಲು ಮುಗಿಸಿ, ಇಳಿದು ಹಿಂತಿರುಗಿ ನೋಡಿದ. ನಲವತ್ತು ಸಸಿ ಬೇರು ಮೇಲೆ ಮಾಡಿ ಮಲಗಿದ್ದವು.

“ಕುಂತು ಎಡೆ ಹೊಡ್ಯಾಕ ಬರೂದಿಲ್ಲೋ ಮಾರಾಯ,” ಎಂದ ಅವನು ಹಜರೇಸಾಬನಿಗೆ. “ಕಾಲು ನೆಲದ ಮ್ಯಾಲ ಇರಬೇಕು. ಮೇಳಿ ಕೈಯಾಗ ಇರಬೇಕು. ನೆಲ ಕೈಗೆ ಮಾತಾಡತೈತಿ.”

ಮನೆಯ ಅಟ್ಟದಿಂದ ತನ್ನ ಹಳೆಯ ಕಟ್ಟಿಗೆಯ ಕುಂಟೆ ಇಳಿಸಿದ. ಕೈಯಲ್ಲಿ ಹಿಡಿಯುವ ಅದರ ಕೋಲು, ಆ ಮೇಳಿ, ಬೆವರು ಕುಡಿದು ನುಣುಪಾಗಿತ್ತು. ಹಜರೇಸಾಬ ಅದನ್ನು ಅತ್ತಿತ್ತ ಆಡುವ ಹಾಗೆ ನನ್ನ ಹಿಂದೆ ಜೋಡಿಸಿದ. ಕಬ್ಬಿಣಕ್ಕೆ ಕಟ್ಟಿಗೆ ತಾಗಿದಾಗ ನನಗೆ ಮೈ ಝುಂ ಎಂದಿತು. ಇಷ್ಟು ವರ್ಷದಲ್ಲಿ ನನಗೆ ಒಪ್ಪಿದ ಮೊದಲ ಒಡವೆ ಅದು.

ಆದರೆ ಅಡಿವೆಪ್ಪ ಹಿಂದೆ ನಡೆದರೆ ಸೀಟಿನಲ್ಲಿ ಯಾರು? ಯಾರೂ ಬೇಡ ಎಂದ. ಸ್ಟೇರಿಂಗಿನ ಎರಡೂ ಪಕ್ಕಕ್ಕೆ ಹಗ್ಗ ಕಟ್ಟಿದ, ಎತ್ತಿಗೆ ಕಟ್ಟಿದ ಹಾಗೆ. ನನ್ನನ್ನು ನಿಧಾನದ ಗೇರಿಗೆ ಹಾಕಿ, ಕ್ಲಚ್ ಬಿಟ್ಟು, ಕೆಳಗೆ ಹಾರಿ, ಓಡಿ ಬಂದು ಮೇಳಿ ಹಿಡಿದ. ಸಾಲಿನುದ್ದಕ್ಕೂ ಸ್ವರ್ಗ. ಒಂದು ಸಸಿಯೂ ಅಲುಗಲಿಲ್ಲ. ಬದು ಹತ್ತಿರ ಬಂತು. ಅಡಿವೆಪ್ಪ ಹಗ್ಗ ಜಗ್ಗಿ, ಎತ್ತು ನಿಲ್ಲಿಸುವ ಹಾಗೆ ಕೂಗಿದ, “ಹೋ! ಹೋ ಮಗನ, ಹೋ!”

ನಾನು ನಿಲ್ಲಲಿಲ್ಲ. ನಿಲ್ಲಬೇಕೆಂದು ಜೀವ ಹೊಡೆದುಕೊಂಡಿತು, ಆದರೆ ನನಗೆ ಕಿವಿ ಇಲ್ಲವಲ್ಲ! ಬದು ಹಾರಿ, ಪಕ್ಕದವರ ಹೊಟ್ಟಿನ ಬಣವೆಗೆ ಮೂತಿ ತುರುಕಿ, ಅಲ್ಲೇ ಉಸಿರುಗಟ್ಟಿ ಆರಿದೆ. ಸುತ್ತಲ ಹೊಲದವರು ಬಿದ್ದು ಬಿದ್ದು ನಕ್ಕರು. ಅಡಿವೆಪ್ಪ ನಗಲಿಲ್ಲ. ಹಗ್ಗ ಕೈಯಲ್ಲೇ ಇತ್ತು, ಕಣ್ಣು ಮೋಡದ ಕಡೆಗಿತ್ತು.

ಆಗ ಬದುವಿನ ಮೇಲಿನಿಂದ ಅವನ ಹೆಂಡತಿ ಗುರುಸಿದ್ದವ್ವ ಎದ್ದು ಬಂದಳು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ನನ್ನ ಸೀಟು ಹತ್ತಿದಳು.

“ನೀವು ಹೋ ಅನ್ರಿ. ನಾ ನಿಲ್ಲಸ್ತೀನಿ.”

“ಹೆಣ್ಮಕ್ಕಳು ಬ್ಯಾಸಾಯಕ್ಕ ನಿಂತ್ರ ಊರಾಗ ಏನಂತಾರ?”

“ನಾ ಎಲ್ಲಿ ನಿಂತೇನ್ರಿ? ಕುಂತೇನಿ.”

ಹಜರೇಸಾಬ ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳ ಕಾಲು ಕ್ಲಚ್ಚಿಗೆ ಎಟುಕಲಿಲ್ಲ. ಮರುದಿನ ಅವನು ಮುರಿದ ಹೊಲಿಗೆ ಯಂತ್ರದ ಕಾಲುಹಲಗೆಯನ್ನು ಕ್ಲಚ್ಚಿನ ಮೇಲೆ ಬೆಸುಗೆ ಹಾಕಿದ. ಸೀರೆಯ ಸೆರಗು ಗಾಲಿಗೆ ಸಿಗದಂತೆ ತಗಡು ಬಡಿದ. ನೋಡಲು ನಾನು ಸಂತೆಯಲ್ಲಿ ಸಿಕ್ಕಿದ್ದನ್ನೆಲ್ಲ ತೊಟ್ಟವನ ಹಾಗೆ ಕಾಣುತ್ತಿದ್ದೆ. ಆದರೆ ಅಡಿವೆಪ್ಪ “ಹೋ” ಎಂದ ಕೂಡಲೇ ಅವಳ ಕಾಲು ಹಲಗೆಯನ್ನು ತುಳಿಯುತ್ತಿತ್ತು, ನಾನು ಗಕ್ಕನೆ ನಿಲ್ಲುತ್ತಿದ್ದೆ. ಅವಳೇ ನನ್ನ ಕಿವಿ. ಮೂರು ದಿನದಲ್ಲಿ ಎರಡೂ ಎಕರೆ ಮುಗಿಸಿದೆವು. ನಾಲ್ಕನೆಯ ದಿನ ಮಳೆ ಹಿಡಿಯಿತು. ಅಡಿವೆಪ್ಪ ಪಡಸಾಲೆಯಲ್ಲಿ ನಿಂತು ಮಳೆ ನೋಡುತ್ತಾ ಹೆಂಡತಿಗೆ ಚಹಾ ತಾನೇ ತಂದುಕೊಟ್ಟ. ಆ ಮನೆಯಲ್ಲಿ ಅದು ಸಣ್ಣ ಸಂಗತಿಯಲ್ಲ.

ಹಾಗೆ ಒಂಬತ್ತು ಬೆಳೆ ಕಂಡೆ. ಒಂಬತ್ತನೆಯದರಲ್ಲಿ ಅಡಿವೆಪ್ಪನ ಮೊಣಕಾಲು ಕೈಕೊಟ್ಟವು. ಅರ್ಧ ಸಾಲಿಗೇ ಕುಸಿದು ಕೂತ. ಮೇಳಿಯನ್ನು ಬಿಟ್ಟಿರಲಿಲ್ಲ. ಬೇರೆಯವರನ್ನು ಕರೆಯೋಣ ಎಂದರೆ ಅದನ್ನು ಇನ್ನೂ ಬಿಗಿ ಹಿಡಿದ. ಗುರುಸಿದ್ದವ್ವ ಸೀಟಿನಿಂದ ಇಳಿದು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಮೇಳಿ ತಾನು ಹಿಡಿದಳು.

“ಹತ್ರಿ ಮ್ಯಾಲ.”

ಕುಂತು ಎಡೆ ಹೊಡೆಯುವುದಿಲ್ಲ ಎಂದಿದ್ದವನು ಕುಂತ. ಈ ಸಲ ಯಾರು ಏನಂತಾರೆ ಎಂದು ಅವನು ಕೇಳಲಿಲ್ಲ. ಸಾಲು ಶುರುವಾಯಿತು. ಅವನ ಮುಖ ಮುಂದಿದ್ದರೂ ಜೀವವೆಲ್ಲ ಹಿಂದಿತ್ತು. ಬದು ಬಂದಾಗ ಹಿಂದಿನಿಂದ ಅವಳ ಧ್ವನಿ, “ಹೋ!” ನಿಂತೆವು.

“ಎಷ್ಟು ಹೋದುವು?” ತಿರುಗಿ ನೋಡದೆ ಕೇಳಿದ.

“ಮೂರು.”

“ನಾ ಮೊದಲ್ನೇ ದಿನ ಇದರ ಮ್ಯಾಲ ಕುಂತು ನಲವತ್ತು ಕಿತ್ತಿದ್ದೆ,” ಎಂದ. ಆಮೇಲೆ ಮೂಗು ಒರೆಸಿಕೊಂಡ.

ಈಗ ನಾನು ಅವರ ಹಿತ್ತಲಲ್ಲಿ ಬೇವಿನ ಕೆಳಗಿದ್ದೇನೆ. ನನ್ನ ಎಂಜಿನ್ ಸವೆದುಹೋಯಿತು. ಕಟ್ಟಿಗೆಯ ಮೇಳಿಯನ್ನೂ ಕಾಲುಹಲಗೆಯನ್ನೂ ಬಿಚ್ಚಿ, ಹಜರೇಸಾಬ ಬೇರೊಂದು ಸಣ್ಣ ಟ್ರ್ಯಾಕ್ಟರಿಗೆ ಕಟ್ಟಿಕೊಟ್ಟಿದ್ದಾನೆ. ಹೊಟ್ಟೆಕಿಚ್ಚಿಲ್ಲ ಎಂದರೆ ಸುಳ್ಳಾಗುತ್ತದೆ. ಮೇಳಿ ಇದ್ದ ಜಾಗದಲ್ಲಿ ಎರಡು ತೂತು ಉಳಿದಿವೆ. ಗಾಳಿ ಬಂದರೆ ಅಲ್ಲಿ ತುರಿಸುತ್ತದೆ.

ಹೊಲ ಹತ್ತಿರವೇ ಇದೆ. ಸಾಲು ಮುಗಿದಾಗಲೆಲ್ಲ ಗುರುಸಿದ್ದವ್ವನ ಕೂಗು ಕೇಳುತ್ತದೆ, “ಹೋ!” ಕಿವಿ ಇಲ್ಲದವನಿಗೆ ಕಿವಿ ಬಂದಿದೆ, ಈಗ. ಆ ಕೂಗು ಬಿದ್ದಾಗಲೆಲ್ಲ ನಿಲ್ಲಬೇಕೆಂದು ನನ್ನ ತುಕ್ಕು ಹಿಡಿದ ಮೈಯೆಲ್ಲ ಬಿಗಿಯುತ್ತದೆ. ನಿಂತೇ ಇದ್ದೇನೆ ಎಂಬುದು ಆಮೇಲೆ ನೆನಪಾಗುತ್ತದೆ.